ಮಿಲ್ಲಿನ ಕಟ್ಟೆ

ನಮ್ಮ ನಾಲ್ವರಿಗೆ ಕ್ಯಾಂಪಸ್ಸಿನಲ್ಲಿ ಸ್ವಂತ ಹೆಸರಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಊರಿನ ಹೆಸರೇ ನಮ್ಮ ಹೆಸರು. ಮೆಸ್ಸಿನಲ್ಲಿ "ಏ ಕುಷ್ಟಗಿ, ಸಾಂಬಾರ್ ಈ ಕಡೆ ತಳ್ಳೋ" ಅಂತ ಕೂಗಿದ್ರೆ ಥಟ್ಟನೆ ತಿರುಗ್ತಾನೆ. ಲ್ಯಾಬಿನಲ್ಲಿ ಅಟೆಂಡೆನ್ಸ್ ಕೂಗುವಾಗ ತನ್ನದೇ ಹೆಸರು ಕೇಳಿ ಒಂದು ಕ್ಷಣ ಯೋಚಿಸ್ತಾನೆ. ಮೊದಲ ವರ್ಷದಲ್ಲಿ ಯಾರಾದ್ರೂ "ಕೊಪ್ಪಳ ಎಲ್ಲಿ ಬರುತ್ತೆ?" ಅಂದ್ರೆ "ಹಂಪಿ ಪಕ್ಕ" ಅಂತಿದ್ವಿ. ನಿಜ ಹೇಳಬೇಕಂದ್ರೆ ಹಂಪಿ ಇರೋದು ಹೊಳೆಯ ಆಚೆ ದಂಡೆಗೆ, ಬೇರೆ ಜಿಲ್ಲೆಯಲ್ಲಿ. ಈಚೆ ದಂಡೆಯ ಆನೆಗೊಂದಿ, ಅಂಜನಾದ್ರಿ ನಮ್ಮವು. ಗಂಗಾವತಿಗೆ ಮಾತ್ರ ಈ ಕಷ್ಟವಿಲ್ಲ; ಊರು ಹೇಳಿದ ತಕ್ಷಣ "ಓ, ಪ್ರಾಣೇಶ್ ಅವರ ಊರು!" ಅಂತಾರೆ. ಯಲಬುರ್ಗಾ ಅಂದ್ರೆ ಯಾರಿಗೂ ಏನೂ ನೆನಪಾಗಲ್ಲ. ಈ ಬರಹ ಹೆಚ್ಚಾಗಿ ಗಂಗಾವತಿಯ ಒಂದು ಹಳೇ ರೈಸ್ ಮಿಲ್ಲಿನದು. ಆದ್ರೆ ಕೊನೆಗೆ ಅದು ಯಲಬುರ್ಗಾದ ಕಥೆಯಾಯ್ತು. ಹೇಗೆ ಅಂತ ಹೇಳ್ತೀವಿ.

ಕೊನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನಾವು ನಾಲ್ವರೂ ಒಂದೇ ಟೀಮ್ ಆದ್ವಿ. ಕುಷ್ಟಗಿ ಮತ್ತು ಯಲಬುರ್ಗಾ ಸಿವಿಲ್, ಗಂಗಾವತಿ ಎಲೆಕ್ಟ್ರಿಕಲ್, ಕೊಪ್ಪಳ ಮೆಕ್ಯಾನಿಕಲ್. ಕೊಪ್ಪಳ ನಮ್ಮ ಗುಂಪಿನ ಒಬ್ಬಳೇ ಹುಡುಗಿ, ಅವಳಪ್ಪ ಕಾರ್ಖಾನೆಯಲ್ಲಿ ಬಾಯ್ಲರ್ ನೋಡ್ಕೊಳ್ಳೋರು. 2025ರ ಫೆಬ್ರವರಿಯಲ್ಲಿ ಅವಳ ಊರಿನಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ ಸಾವಿರಾರು ಜನ ಬೀದಿಗಿಳಿದಿದ್ದರು. ಗವಿಮಠದ ಸ್ವಾಮೀಜಿಯೂ ಬಂದಿದ್ದರು. ಆ ದಿನ ರಾತ್ರಿ ಹಾಸ್ಟೆಲ್ಲಿನ ಗೇಟಿನ ಹತ್ರ ನಿಂತು ಇದೇ ಮಾತಾಡ್ತಿದ್ವಿ. ಆಗ ಅವಳು ಅಂದದ್ದು: "ಹೊಸ ಕಾರ್ಖಾನೆ ಬೇಕೋ ಬ್ಯಾಡೋ ಅಂತ ಎಲ್ಲಾರೂ ಕೇಳ್ತಾರ. ಬಂದಾದ ಕಾರ್ಖಾನೆ ಏನ್ ಮಾಡ್ಬೇಕು ಅಂತ ಯಾರೂ ಕೇಳಂಗಿಲ್ಲ." ಗಂಗಾವತಿ ತಕ್ಷಣ, "ನಮ್ಮ ಮನೆ ಹಿಂದ ಒಂದೈತಿ" ಅಂದ. ವಿಷಯ ಸಿಕ್ಕಿತ್ತು.

ಅದೊಂದು ರೈಸ್ ಮಿಲ್. ಬಾಗಿಲು ಹಾಕಿ ಸುಮಾರು ವರ್ಷ ಆಗಿದೆ. ಮಾಲೀಕರ ಮನೆತನಕ್ಕೆ ತೊಂದರೆ ಆಗಬಾರದು ಅಂತ ಹೆಸರು, ಓಣಿ ಹೇಳ್ತಿಲ್ಲ. ಗಂಗಾವತಿ ಕಡೆ ಹೋದವರಿಗೆ ಇಂಥ ಮಿಲ್ಲು ಹೊಸದೇನಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯ್ತು, ಎಡದಂಡೆ ಕಾಲುವೆ ಹರೀತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ಕಡಿಮೆ ನೀರಿನ ಬೆಳೆಗಳ ಕಾಲುವೆ. ಆದ್ರೆ ನೀರು ಕಂಡ ರೈತ ಭತ್ತ ಹಚ್ಚಿದ. ಮೇಲಿನ ಗಂಗಾವತಿ, ಕಾರಟಗಿ ಭತ್ತದ ಕಣಜ ಆದವು. ಕಾಲುವೆಯ ಕೊನೇ ಭಾಗದ ರೈತರು ಇವತ್ತಿಗೂ ನೀರಿಗಾಗಿ ಕಾಯ್ತಾರೆ. ಭತ್ತ ಬಂದ ಮೇಲೆ ಮಿಲ್ಲು ಬರಲೇಬೇಕಲ್ಲ. ಊರ ಸುತ್ತ ಚಿಮಣಿ ಎದ್ದವು. ಆಮೇಲೆ ದೊಡ್ಡ ದೊಡ್ಡ ಆಟೋಮ್ಯಾಟಿಕ್ ಮಿಲ್ಲು, ಬಣ್ಣ ನೋಡಿ ಕಾಳು ಆರಿಸೋ ಯಂತ್ರ ಬಂದವು. ಹಳೇ ಚಿಕ್ಕ ಮಿಲ್ಲಿಗೆ ಅವುಗಳ ಜೊತೆ ಓಡೋಕೆ ಆಗಲಿಲ್ಲ. ಅಣೆಕಟ್ಟಿನಲ್ಲೂ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡೀತಿದ್ದದ್ದು ಈಗ ಹೆಚ್ಚುಕಮ್ಮಿ 105ಕ್ಕೆ ಇಳಿದಿದೆ. ಎರಡನೇ ಬೆಳೆಗೆ ನೀರು ಬರುತ್ತೋ ಇಲ್ಲವೋ ಅನ್ನೋದು ಪ್ರತಿ ವರ್ಷದ ಚಿಂತೆ.

ಪ್ರಾಜೆಕ್ಟಿನ ಮೊದಲ ಹೆಸರು ಕೇಳಿದ್ರೆ ನಿಮಗೆ ನಗು ಬರಬಹುದು: "ಹಳೆಯ ಕೈಗಾರಿಕಾ ಕಟ್ಟಡದ ಸುಸ್ಥಿರ ನಗರಸಭಾ ಸೌಲಭ್ಯವಾಗಿ ರೂಪಾಂತರ." ಸರಳವಾಗಿ ಹೇಳೋದಾದ್ರೆ ಒಳಗಿನ ದೊಡ್ಡ ಹಾಲಿನಲ್ಲಿ ವಾರ್ಡಿನ ಒಣಕಸ ವಿಂಗಡಣಾ ಕೇಂದ್ರ, ಪಕ್ಕದ ಗೋದಾಮಿನಲ್ಲಿ ವಾಚನಾಲಯ, ಮೇಲೆ ಸೋಲಾರ್, ಕೆಳಗೆ ಮಳೆನೀರಿನ ಟ್ಯಾಂಕು. 2016ರ ಘನತ್ಯಾಜ್ಯ ನಿಯಮವು ಹಸಿ, ಒಣ, ಅಪಾಯಕಾರಿ ಕಸವನ್ನ ಮನೆಯಲ್ಲೇ ಬೇರೆ ಮಾಡಬೇಕು ಅಂತ ಹೇಳಿತ್ತು. ಮಾಡಿದ್ವಿ ಅಂತಲೇ ಇಟ್ಕೊಳ್ಳಿ, ಆ ಒಣಕಸ ಎಲ್ಲಿ ಹೋಗಬೇಕು? ಅದನ್ನ ಆರಿಸಿ, ಒತ್ತಿ, ಮಾರೋಕೆ ಮಳೆ ಬೀಳದ, ಗಾಳಿ ಆಡೋ, ಲಾರಿ ಬರೋ ಜಾಗ ಬೇಕು. ರೈಸ್ ಮಿಲ್ಲು ಅಂದ್ರೆ ಅದೇ: ಎತ್ತರದ ಮಾಡು, ಅಗಲ ಬಾಗಿಲು, ಲಾರಿಯ ಹಲಗೆಯ ಸಮಕ್ಕೆ ಕಟ್ಟಿದ ಕಟ್ಟೆ, ಮುಂದೆ ಭತ್ತ ಒಣಗಿಸೋ ಕಣ. ಕಟ್ಟಿದವರು ಭತ್ತಕ್ಕೆ ಅಂತ ಕಟ್ಟಿದ್ದು ಕಸಕ್ಕೂ ಸರಿಹೊಂದುತ್ತೆ.

ಊರಿಗೆ ಹೋಗೋ ಮುಂಚೆ ಬೆಂಗಳೂರಿನಲ್ಲೇ ಒಂದಿಷ್ಟು ಸುತ್ತಿದ್ವಿ. ಸಂವಿಧಾನ ವಿಷಯದ ಪರೀಕ್ಷೆಗೆ ನಾವೆಲ್ಲ ಎರಡು ಕೇಸು ಉರು ಹೊಡೆದಿರ್ತೀವಿ: 1973ರ ಕೇಶವಾನಂದ ಭಾರತಿ, 1980ರ ಮಿನರ್ವಾ ಮಿಲ್ಸ್. ಮೊದಲನೆಯವರು ನಮ್ಮ ಕಾಸರಗೋಡಿನ ಎಡನೀರು ಮಠದವರು ಅಂತ ಮೇಷ್ಟ್ರು ಹೇಳಿದ್ದರು. ಎರಡನೇದು ಬೆಂಗಳೂರಿನಲ್ಲಿ, ಮಾಗಡಿ ರಸ್ತೆ ಹತ್ರ ಇರೋ ನಿಜವಾದ ಬಟ್ಟೆ ಮಿಲ್ಲು ಅಂತ ಮಾತ್ರ ಯಾರೂ ಹೇಳಿರಲಿಲ್ಲ! ಎರಡು ಮಾರ್ಕಿನ ಪ್ರಶ್ನೆಗೆ ಗೋಡೆ, ಮಾಡು, ಕಂಬ ಇರ್ತವೆ ಅಂತ ಗೊತ್ತಾದಾಗ ವಿಚಿತ್ರ ಅನಿಸ್ತು. ಆ ಹಳೇ ಶೆಡ್ಡುಗಳಲ್ಲಿ ಈಗ ಆಗಾಗ ಕಾರ್ಯಕ್ರಮ ನಡೀತವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಎದ್ದಿದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿವೆ. ಅಲ್ಲಿ ದುಡಿದವರ ಮೊಮ್ಮಕ್ಕಳು ಇವತ್ತು ಆ ಮಾಲಿನಲ್ಲಿ ಐಸ್‌ಕ್ರೀಮ್ ತಿನ್ನಬಹುದು. ಆದ್ರೆ ಅಜ್ಜ ಎಲ್ಲಿ ನಿಂತು ಕೆಲಸ ಮಾಡ್ತಿದ್ದ ಅಂತ ತೋರಿಸೋಕೆ ಒಂದು ಕಂಬವೂ ಉಳಿದಿಲ್ಲ.

ಆಮೇಲೆ ಫ್ರೀಡಂ ಪಾರ್ಕಿಗೆ ಹೋದ್ವಿ. ಅದು ಕಾರ್ಖಾನೆಯಲ್ಲ, ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನ ಇಟ್ಟಿದ್ದ ಜಾಗ. 2008ರಲ್ಲಿ ಸಾರ್ವಜನಿಕರ ಪಾರ್ಕ್ ಆಯ್ತು. ನಡುವಿನ ಕಾವಲು ಗೋಪುರ, ಬ್ಯಾರಕ್ಕಿನ ಗೋಡೆಗಳನ್ನ ಉಳಿಸಿಕೊಂಡಿದ್ದಾರೆ. ನಾವು ಹೋದ ದಿನ ಒಂದು ಮೂಲೆಯಲ್ಲಿ ಯಾರೋ ಧರಣಿ ಕೂತಿದ್ದರು. ಒಂದು ಕಾಲಕ್ಕೆ ಮಾತಾಡಿದವರನ್ನ ಕೂಡಿಹಾಕ್ತಿದ್ದ ಜಾಗದಲ್ಲಿ ಈಗ ಜನ ಮಾತಾಡೋಕೆ ಬರ್ತಾರೆ. ಕಟ್ಟಡವನ್ನ ಉಳಿಸಿಕೊಂಡು ಅದರ ಕೆಲಸ ಬದಲಿಸಬಹುದು ಅಂತ ನಮಗೆ ಕಣ್ಣಾರೆ ಕಂಡದ್ದು ಅಲ್ಲಿ.

ಲಂಡನ್ನಿನದು ಗೊತ್ತಿರೋದೇ. ಥೇಮ್ಸ್ ದಂಡೆಯ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ನಿಂತುಹೋಯ್ತು, 2000ದಲ್ಲಿ ಟೇಟ್ ಮಾಡರ್ನ್ ಅನ್ನೋ ಕಲಾ ಸಂಗ್ರಹಾಲಯ ಆಯ್ತು. ಟರ್ಬೈನ್ ಇದ್ದ ಹಾಲಿನಲ್ಲಿ ಈಗ ಜನ ಓಡಾಡ್ತಾರೆ. ಇದರ ಫೋಟೋನೇ ನಮ್ಮ ಮೊದಲ ಸ್ಲೈಡು. ತಪ್ಪು ಶುರುವಾದದ್ದೂ ಅಲ್ಲಿಂದಲೇ ಅಂತ ಈಗ ಅನಿಸುತ್ತೆ. ಆ ಫೋಟೋ ನೋಡ್ಕೊಂಡು ನಾವು ಗಂಗಾವತಿಯ ಮಿಲ್ಲಿಗೆ ಮುಂಭಾಗದಲ್ಲಿ ಗಾಜಿನ ಗೋಡೆ ಬರೆದಿದ್ವಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಊರಿಗೆ, ಪಶ್ಚಿಮಕ್ಕೆ ಮುಖ ಮಾಡಿ, ಗಾಜು! ಒಂದು ಕೆಫೆನೂ ಇತ್ತು. ಕಟ್ಟೆ ಇದ್ದ ಕಡೆ "ತೆರವು, ವಾಹನ ನಿಲುಗಡೆ" ಅಂತ ಬರೆದಿದ್ವಿ.

ದಸರಾ ರಜೆಯಲ್ಲಿ ಟೇಪು ಹಿಡಿದು ಹೋದ್ವಿ. ಮಾಲೀಕರ ಕಡೆಯವರು ಕೀಲಿ ಕೊಟ್ಟು, "ಹಾವು ಇರ್ತಾವ, ನೋಡ್ಕೊಂಡು" ಅಂದ್ರು. ಹಾವು ಸಿಗಲಿಲ್ಲ, ಪಾರಿವಾಳ ಸಿಕ್ಕವು. ಒಳಗೆ ಹೊಟ್ಟಿನ ವಾಸನೆ ಇನ್ನೂ ಇತ್ತು. ತಗಡಿನ ಎಲಿವೇಟರ್ ಕೊಳವೆ, ಪಾಲಿಶರಿನ ಬುಡ, ತುಕ್ಕು ಹಿಡಿದ ಬಾಯ್ಲರು. ಕೊಪ್ಪಳ ಬಾಯ್ಲರಿನ ಹೊಟ್ಟೆಗೆ ಟಾರ್ಚು ಬಿಟ್ಟು ಅರ್ಧ ತಾಸು ಅಲ್ಲೇ ಕೂತಳು. ಕುಷ್ಟಗಿ ಗೋಡೆ ಮುಟ್ಟಿ ನೋಡಿ, "ಇದು ನಮ್ಮ ಕಡೀ ಕಲ್ಲು" ಅಂದ. ಅವನ ತಾಲೂಕಿನ ಕ್ವಾರಿಗಳ ಗ್ರಾನೈಟು ಎಲ್ಲೆಲ್ಲಿಗೋ ಹೋಗುತ್ತೆ. ನಮ್ಮ ಕಡೆ ಹಳೇ ಗೋಡೆ ಅಂದ್ರೆ ಕಲ್ಲಿನದೇ.

ಲೆಕ್ಕ ಇಷ್ಟು. ಮುಖ್ಯ ಹಾಲು 30 ಮೀಟರ್ ಉದ್ದ, 18 ಮೀಟರ್ ಅಗಲ. ಗೋಡೆ 6 ಮೀಟರ್ ಎತ್ತರ, 45 ಸೆಂಟಿಮೀಟರ್ ದಪ್ಪ. ಬಾಗಿಲು ಕಿಟಕಿ ಕಳೆದ್ರೆ ಸುಮಾರು 220 ಘನ ಮೀಟರ್ ಕಲ್ಲುಕಟ್ಟಡ. ಘನ ಮೀಟರಿಗೆ 2.4 ಟನ್ ಅಂತ ಹಿಡಿದ್ರೆ 500 ಟನ್ ಮೇಲೆ. ಕೆಡವಿದ್ರೆ ಹತ್ತು ಟನ್ನಿನ ಟಿಪ್ಪರು ಐವತ್ತಕ್ಕೂ ಹೆಚ್ಚು ಸಲ ಹೊರಬೇಕು, ಎಲ್ಲೋ ಒಂದು ಹಳ್ಳಕ್ಕೆ ಸುರೀಬೇಕು. ಅದೇ ಜಾಗದಲ್ಲಿ ಅಷ್ಟೇ ಅಳತೆಯ ಆರ್‌ಸಿಸಿ ಕಟ್ಟಡ ಕಟ್ಟಿದ್ರೆ? ಮೇಸ್ತ್ರಿಗಳ ಲೆಕ್ಕ ನಿಮಗೂ ಗೊತ್ತು: ಚದರಡಿಗೆ 0.4 ಚೀಲ ಸಿಮೆಂಟು, 4 ಕೆಜಿ ಕಬ್ಬಿಣ. 5,800 ಚದರಡಿಗೆ 2,300 ಚೀಲ, ಅಂದ್ರೆ 116 ಟನ್ ಸಿಮೆಂಟು. ಜೊತೆಗೆ 23 ಟನ್ ಕಬ್ಬಿಣ. ಟನ್ ಸಿಮೆಂಟಿಗೆ 0.8 ಟನ್, ಟನ್ ಕಬ್ಬಿಣಕ್ಕೆ 2 ಟನ್ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದ್ರೂ ಒಟ್ಟು 140 ಟನ್ ಆಸುಪಾಸು. ಕಟ್ಟಡಕ್ಕೆ ಒಂದು ಬಲ್ಬು ಹಾಕೋ ಮುಂಚೆನೇ ಇಷ್ಟು! ಹಳೇದನ್ನ ದುರಸ್ತಿ ಮಾಡೋಕೂ ಸಿಮೆಂಟು, ಕಬ್ಬಿಣ ಬೇಕು. ಮೊದಲ ಸಲ ಅದನ್ನ ಕಳೆಯೋದೇ ಮರೆತು ಗೈಡ್ ಹತ್ರ ಬೈಸಿಕೊಂಡ್ವಿ. ಕಳೆದ ಮೇಲೂ ಉಳಿತಾಯ ದೊಡ್ಡದೇ.

ಮಳೆ ಲೆಕ್ಕ ಯಲಬುರ್ಗಾದವನದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳೋದು 600 ಮಿಲಿಮೀಟರ್ ಸುತ್ತಮುತ್ತ. ಮಾಡು ಚಾಚಿಕೊಂಡಿರೋದೂ ಸೇರಿ 600 ಚದರ ಮೀಟರ್. ಸೋರಿಕೆ, ಆವಿ ಅಂತ ಐದರಲ್ಲಿ ಒಂದು ಪಾಲು ಬಿಟ್ರೂ ಎರಡು ಲಕ್ಷ ಎಂಬತ್ತು ಸಾವಿರ ಲೀಟರ್ ಮೇಲೆ ಸಿಗುತ್ತೆ. ಈ ಅಂಕಿ ಬಂದಾಗ ಅವನು ಪೆನ್ನು ಇಟ್ಟು, "ಒಂದು ಮಾಡಿನ ಮ್ಯಾಲೆ ಇಷ್ಟು ಬೀಳ್ತೈತೇನು?" ಅಂದ. ಕಾಲುವೆ ಇಲ್ಲದ ತಾಲೂಕಿನವನು ಅವನು. ಗಂಗಾವತಿ ಸೋಲಾರ್ ಲೆಕ್ಕ ಮಾಡಿದ: ದಕ್ಷಿಣದ ಇಳಿಜಾರಿನಲ್ಲಿ 20 ಕಿಲೋವ್ಯಾಟ್ ಕೂರುತ್ತೆ, ದಿನಕ್ಕೆ 80 ಯೂನಿಟ್ ಆಸುಪಾಸು. ಕಸ ಒತ್ತೋ ಬೇಲಿಂಗ್ ಯಂತ್ರ, ಫ್ಯಾನು, ದೀಪಕ್ಕೆ ಸಾಕು.

ಎಲ್ಲಾ ಸಲೀಸಾಗಿ ಆಗಲಿಲ್ಲ. ಹಿಂದಿನ ಗೋದಾಮಿನ ಮಾಡು ಆಸ್ಬೆಸ್ಟಾಸ್ ಶೀಟು. 60ಕ್ಕೂ ಹೆಚ್ಚು ದೇಶಗಳು ಬೇಡ ಅಂದಿರೋ ವಸ್ತು ಅದು; ನಮ್ಮಲ್ಲಿ ಈಗಲೂ ಅಂಗಡಿಯಲ್ಲಿ ಸಿಗುತ್ತೆ. ಒಡೆದ್ರೆ, ಡ್ರಿಲ್ ಹೊಡೆದ್ರೆ ಎದ್ದ ಎಳೆ ಶ್ವಾಸಕೋಶಕ್ಕೆ ಇಳಿಯುತ್ತೆ. ನೀರು ಹಾಕಿ ನೆನೆಸಿ, ಒಡೆಯದ ಹಾಗೆ ಇಳಿಸಬೇಕು. ಆ ಮಾಡಿನ ನೀರು ಕುಡಿಯೋಕೆ ಬೇಡ. ಇನ್ನೊಂದು, ಬಾಯ್ಲರಿನ ಬೂದಿ. ನೂರು ಕೆಜಿ ಭತ್ತಕ್ಕೆ ಸುಮಾರು ಇಪ್ಪತ್ತು ಕೆಜಿ ಹೊಟ್ಟು, ಅದನ್ನ ಸುಟ್ಟರೆ ನಾಲ್ಕು ಕೆಜಿ ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಸಿಮೆಂಟಿಗೆ ಬೆರೆಸಬಹುದು ಅಂತ ಪುಸ್ತಕ ಹೇಳುತ್ತೆ. ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಬೂದಿ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದು, ಲ್ಯಾಬಿನಲ್ಲಿ ಕ್ಯೂಬು ಹಾಕಿದ್ವಿ. ಕ್ಯೂಬುಗಳು ನಮ್ಮ ಮರ್ಯಾದೆ ತೆಗೆದವು. ಸುಡುವಾಗ ಶಾಖ ಹಿಡಿತದಲ್ಲಿ ಇರಬೇಕು, ಹೆಚ್ಚಾದ್ರೆ ಸಿಲಿಕಾ ಹರಳುಗಟ್ಟಿ ಮಂಕಾಗುತ್ತೆ. ಸರಿಯಾಗಿ ಉರಿಯದಿದ್ರೆ ಇದ್ದಿಲು ಉಳಿಯುತ್ತೆ. ನಮ್ಮ ಬೂದಿ ಕಪ್ಪಗಿತ್ತು. ಅದನ್ನ ರಿಪೋರ್ಟಿನಲ್ಲಿ ಇದ್ದ ಹಾಗೇ ಬರೆದ್ವಿ.

ಈಗ ಕಟ್ಟೆಯ ವಿಷಯ.

ಅಳತೆಯ ಎರಡನೇ ದಿನ ಮಧ್ಯಾಹ್ನ ಮುಂದಿನ ಕಟ್ಟೆ ಅಳೀತಿದ್ವಿ. ಒಂದು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ, ಕಟ್ಟಡದ ಉದ್ದಕ್ಕೂ. ಮೇಲೆ ಹೆಂಚಿನ ಮಾಡು. ಅಲ್ಲಿ ಒಬ್ಬ ಮುದುಕಿ ಮೆಣಸಿನಕಾಯಿ ಹರವಿದ್ದಳು. ಆಚೆ ಇಬ್ಬರು ಹಮಾಲರು ತಲೆಗೆ ಟವೆಲ್ ಕಟ್ಟಿ ಮಲಗಿದ್ದರು. ಕಣದಲ್ಲಿ ಹುಡುಗರ ಕ್ರಿಕೆಟ್ಟು. ಮೂಲೆಯಲ್ಲಿ ಮೂರು ಗಂಟು, ಒಂದು ಕೊಡ, ಒಲೆ ಹಚ್ಚಿದ ಮಸಿ. ನಾವು ಟೇಪು ಎಳೆದಾಗ ಆಕೆ ಮೆಣಸಿನಕಾಯಿ ಸರಿಸಲಿಲ್ಲ.

"ಏನ್ ಅಳೀತೀರಪಾ?"

"ಮಿಲ್ಲು ಅಜ್ಜಿ. ಪ್ರಾಜೆಕ್ಟು."

"ಕೆಡವಾಕ ಬಂದೀರೇನು?"

"ಇಲ್ಲಜ್ಜಿ, ಉಳಸಾಕ ಬಂದೀವಿ." ನಮಗೆ ಸ್ವಲ್ಪ ಹೆಮ್ಮೆನೇ ಇತ್ತು.

"ಉಳಿಸಿ ಏನ್ ಮಾಡ್ತೀರಿ?"

ಹೇಳಿದ್ವಿ. ಕಸ, ವಾಚನಾಲಯ, ಸೋಲಾರ್. ಆಕೆ ಎಲ್ಲಾ ಕೇಳಿ, ಒಂದು ಕಾಯಿಯ ತೊಟ್ಟು ಮುರಿದು, "ಮತ್ತ ನಾವ್ ಎಲ್ಲಿ ಕುಂದ್ರಬೇಕು?" ಅಂದ್ಳು.

ಉತ್ತರ ಇರಲಿಲ್ಲ. ಫೈಲಿನಲ್ಲಿ ಇತ್ತು: ತೆರವು, ವಾಹನ ನಿಲುಗಡೆ.

ಆ ಗಂಟುಗಳು ಯಾರವು ಅಂತ ಕೇಳಿದ್ವಿ. "ಮ್ಯಾಗಳ ಕಡೀಂದ ಬಂದಾರ, ಕೆಲಸಕ್ಕ" ಅಂದ್ಳು. ಮ್ಯಾಗಳ ಕಡೆ ಅಂದ್ರೆ ಕುಷ್ಟಗಿ, ಯಲಬುರ್ಗಾ ಕಡೆ; ಎರೆ ಹೊಲದ, ಮಸಾರಿ ಹೊಲದ, ಮಳೆ ನಂಬಿದ ಊರುಗಳು. ಮಳೆ ಕೈ ಕೊಟ್ಟ ವರ್ಷ ಜನ ಗುಳೆ ಹೋಗ್ತಾರೆ. ಬೆಂಗಳೂರು, ಮಂಗಳೂರು, ಗೋವಾ. ಹತ್ತಿರಕ್ಕೆ ಅಂದ್ರೆ ಭತ್ತದ ನಾಟಿ, ಕಟಾವಿಗೆ ಗಂಗಾವತಿ ಸೀಮೆ. ದಿನಕ್ಕೆ ಕೂಲಿ ಸಿಗುತ್ತೆ. ರಾತ್ರಿಗೆ ಜಾಗ ಸಿಗಬೇಕಲ್ಲ.

ಯಲಬುರ್ಗಾ ಆ ಹೊತ್ತಿನಿಂದ ಮಾತಾಡಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಅವ್ವನಿಗೆ ಫೋನ್ ಹಚ್ಚಿದ. ಸುಮ್ಮನೆ ಎಲ್ಲಿದೀವಿ ಅಂತ ಹೇಳೋಕೆ. ಮಿಲ್ಲು ಅಂದ ತಕ್ಷಣ ಆಕೆ ಕೇಳಿದ್ದು, "ಕಟ್ಟಿ ಐತೇನು ಮುಂದ?" ಅಂತ. ಆಮೇಲೆ ಸ್ಪೀಕರ್ ಹಾಕಿದ, ನಾವೂ ಕೇಳಿದ್ವಿ. ಮದುವಿಯಾದ ಹೊಸದಾಗಿ ಎರಡು ವರ್ಷ ನಾಟಿಗೆ ಬಂದಿದ್ರಂತೆ. ರಾತ್ರಿ ಇಂಥದ್ದೇ ಒಂದು ಮಿಲ್ಲಿನ ಕಟ್ಟಿ ಮ್ಯಾಲೆ ಮಲಗ್ತಿದ್ರಂತೆ. "ಹಿಂದ ಬಾಯ್ಲರ್ ಬೆಚ್ಚಗ ಇರ್ತಿತ್ತು. ನೀ ಹೊಟ್ಯಾಗ ಇದ್ದಿ" ಅಂದ್ರು. ಅಷ್ಟೇ. ಮತ್ತೆ ಊಟ ಆಯ್ತೇನು ಅಂತ ಕೇಳಿ ಇಟ್ಟರು.

ಇವನಿಗೆ ಇದು ಗೊತ್ತೇ ಇರಲಿಲ್ಲ. ಮೂರು ವರ್ಷ ಒಂದೇ ರೂಮಿನಲ್ಲಿ ಇದ್ದ ನಮಗೂ ಗೊತ್ತಿರಲಿಲ್ಲ. ಗಂಗಾವತಿ ಭತ್ತದ ಮನೆತನದವನು. ಅವನಿಗೆ ಮಿರ್ಚಿ ಗಂಟಲಿಗೆ ಇಳೀಲಿಲ್ಲ. ನಾವು ನಾಲ್ವರೂ ಒಂದೇ ಜಿಲ್ಲೆಯವರು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತೀವಿ. ನಮ್ಮ ನಡುವೆ ಒಂದು ಕಾಲುವೆ ಇದೆ ಅಂತ ಅವತ್ತು ಗೊತ್ತಾಯ್ತು.

ವಾಪಸ್ ಬಂದ ಮೇಲೆ ಗೈಡ್ ನಮಗೆ ಬ್ರೆಜಿಲ್ಲಿನ ಒಂದು ಕಥೆ ಹೇಳಿದ್ರು. ಸಾವೊ ಪಾಲೊ ನಗರದಲ್ಲಿ ಒಂದು ಹಳೇ ಡ್ರಮ್ ಕಾರ್ಖಾನೆ ಇತ್ತು. ಅದನ್ನ ಸಮುದಾಯ ಕೇಂದ್ರ ಮಾಡೋ ಕೆಲಸ 1977ರಲ್ಲಿ ಲೀನಾ ಬೊ ಬಾರ್ದಿ ಅನ್ನೋ ವಾಸ್ತುಶಿಲ್ಪಿಗೆ ಬಂತು. ಆಕೆ ಮೊದಲ ಸಲ ಹೋದಾಗ ಖಾಲಿ ಕಟ್ಟಡ ಕಂಡಿತು. ಆಮೇಲೆ ಒಂದು ಶನಿವಾರ ಹೋದಾಗ ಅಲ್ಲಿ ಮಕ್ಕಳು ಓಡಾಡ್ತಿದ್ದರು, ತಾಯಂದಿರು ಅಡುಗೆ ಮಾಡ್ತಿದ್ದರು, ಮಾಡು ಸೋರ್ತಿದ್ರೂ ಜನ ಖುಷಿಯಾಗಿದ್ದರು. ಇದೆಲ್ಲ ಹೀಗೇ ಮುಂದುವರಿಯಬೇಕು ಅಂತ ಆಕೆ ತೀರ್ಮಾನ ಮಾಡಿ, ಕಾರ್ಖಾನೆಯ ಶೆಡ್ಡುಗಳನ್ನ ಕೆಡವದೆ ಕೇಂದ್ರ ಕಟ್ಟಿದರು. 1982ರಲ್ಲಿ ಅದು ತೆರೀತು. ಇವತ್ತಿಗೂ ಜನ ಬರ್ತಾರೆ. ಗೈಡ್ ಇಷ್ಟು ಹೇಳಿ, "ನೀವು ಮೊದಲನೇ ಸಲ ಹೋದಾಗ ಏನು ನೋಡಿದ್ರಿ?" ಅಂತ ಕೇಳಿದ್ರು. ಗೋಡೆ ನೋಡಿದ್ವಿ ಸರ್, ಅಂದ್ವಿ.

ಡ್ರಾಯಿಂಗ್ ಮತ್ತೆ ಶುರುವಿನಿಂದ ಮಾಡಿದ್ವಿ. ಗಾಜು ಹೋಯ್ತು, ಕೆಫೆ ಹೋಯ್ತು. ಕಟ್ಟೆ ಉಳೀತು. ಅದಕ್ಕೆ ಒಂದು ನಲ್ಲಿ, ತಲೆ ಮೇಲೆ ದೀಪ, ಪಕ್ಕದಲ್ಲಿ ನಾಲ್ಕು ಶೌಚಾಲಯ, ಎರಡು ಸ್ನಾನದ ಕೋಣೆ. ವಾಚನಾಲಯ ಅಂತ ಬರೆದಿದ್ದ ಗೋದಾಮಿನ ಅರ್ಧ ಭಾಗ ರಾತ್ರಿ ವಸತಿ. ಗಂಟು ಇಡೋಕೆ ಬೀಗ ಇರೋ ಕಪಾಟು. ಇದು ನಮ್ಮ ಕನಸಿನ ಔದಾರ್ಯ ಅಲ್ಲ. ಲಕ್ಷ ಜನಸಂಖ್ಯೆಗೆ ಒಂದಾದರೂ ರಾತ್ರಿ ವಸತಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಅದಕ್ಕೆ ನಗರ ಜೀವನೋಪಾಯ ಅಭಿಯಾನದಲ್ಲಿ ಯೋಜನೆನೂ ಇತ್ತು. 2011ರ ಜನಗಣತಿಯಲ್ಲೇ ಗಂಗಾವತಿ ಲಕ್ಷ ದಾಟಿತ್ತು. ಕಸ ಆರಿಸೋ ಕೆಲಸವನ್ನ ಯಾವುದೋ ಹೊರಗಿನ ಗುತ್ತಿಗೆಗೆ ಕೊಡದೆ, ಈಗಾಗಲೇ ಊರಲ್ಲಿ ಚಿಂದಿ ಆಯ್ತಿರೋರಿಗೇ ಕೊಡಬಹುದು ಅಂತ ಸೇರಿಸಿದ್ವಿ. ಬೆಂಗಳೂರಿನಲ್ಲಿ ಹಸಿರು ದಳದಂಥ ಸಂಸ್ಥೆಗಳು ಆ ಜನರಿಂದಲೇ ಒಣಕಸ ಕೇಂದ್ರ ನಡೆಸಿ ತೋರಿಸಿವೆ. ಮಲಗೋ ಜಾಗಕ್ಕೂ ಕಸಕ್ಕೂ ನಡುವೆ ಬೆಂಕಿ ತಡೆಯೋ ಗೋಡೆ ಬೇಕು, ಗಾಳಿ ಬೀಸೋ ದಿಕ್ಕು ನೋಡಬೇಕು. ಅದಕ್ಕೇ ಕುಷ್ಟಗಿಗೆ ಎರಡು ವಾರ ಹಿಡೀತು. ಲೀಟರು, ಯೂನಿಟ್ಟು, ಟನ್ನು ಎಲ್ಲಾ ಮೊದಲಿನ ಹಾಗೇ ಇದ್ದವು. ಆದ್ರೆ ಸುಸ್ಥಿರ ಅನ್ನೋ ಪದ ಬರೆಯುವಾಗ ಈ ಸಲ ಕೈ ಸ್ವಲ್ಪ ನಿಧಾನ ಆಯ್ತು.

ಈಗ ಬೇಸರದ ಭಾಗ. ರಿಪೋರ್ಟಿನ ಒಂದು ಪ್ರತಿ ಹಿಡಿದು ಒಂದು ಕಚೇರಿಗೆ ಹೋದ್ವಿ. ಸಂಬಂಧಪಟ್ಟವರು ಚಹಾ ಕುಡಿಸಿ, ಪುಟ ತಿರುಗಿಸಿ, ಒಳ್ಳೇ ಮಾತಾಡಿದರು. ಆಮೇಲೆ ಹೇಳಿದರು: "ಹೊಸ ಕಟ್ಟಡಕ್ಕ ಎಸ್ಟಿಮೇಟ್ ಇರ್ತೈತಿ, ಟೆಂಡರ್ ಇರ್ತೈತಿ, ಉದ್ಘಾಟನಿ ಇರ್ತೈತಿ. ಹಳೇದಕ್ಕ ಏನೈತ್ರಿ?" ಅವರ ಮೇಲೆ ನಮಗೆ ಸಿಟ್ಟಿಲ್ಲ, ನಮ್ಮ ಸಿಲೆಬಸ್ಸೂ ಹಾಗೇ ಇದೆ. ಎಂಟು ಸೆಮಿಸ್ಟರು ಹೊಸ ಬೀಮು ಡಿಸೈನ್ ಮಾಡೋದು ಕಲಿತ್ವಿ, ಹಳೇ ಗೋಡೆ ಇನ್ನೆಷ್ಟು ಭಾರ ಹೊರುತ್ತೆ ಅಂತ ನೋಡೋದು ಕಲೀಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು, ಚೈನ್ ತುಂಡಾಗಿ ಕೊಚ್ಚಿ ಹೋದಾಗ ನಮ್ಮ ನಾಲ್ವರ ಮನೆಗಳಲ್ಲೂ ಯಾರೂ ಮಲಗಿರಲಿಲ್ಲ. ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಎಂಜಿನಿಯರುಗಳನ್ನ ಇಡೀ ನಾಡು ಹೊಗಳಿತು, ಹೊಗಳಬೇಕಾದದ್ದೇ. ಆದ್ರೆ ಎಪ್ಪತ್ತು ವರ್ಷದ ಒಂದು ವಸ್ತುವನ್ನ ದಿನಾ ದೇಖರೇಖಿ ಮಾಡೋ ಕೆಲಸಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ. ಹಳೇದಕ್ಕೆ ಎರಡೇ ದಾರಿ ಅಂತ ನಾವು ಅಂದ್ಕೊಂಡುಬಿಟ್ಟಿದ್ದೀವಿ: ಪೂಜೆ ಮಾಡೋದು, ಇಲ್ಲಾ ಕೆಡವೋದು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ನಿಂತಿದೆ, ಅದನ್ನ ನೋಡೋಕೆ ಜನ ಬರ್ತಾರೆ. ಅದಕ್ಕಿಂತ ನೂರಾರು ವರ್ಷ ಚಿಕ್ಕದಾದ ಮಿಲ್ಲಿಗೆ ಮುದುಕ ಅಂತೀವಿ.

ಪ್ರಾಜೆಕ್ಟಿಗೆ ಒಳ್ಳೇ ಮಾರ್ಕು ಬಂತು. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಇದರಲ್ಲಿ ಹೊಸತೇನು?" ಅಂದ್ರು. ಯಲಬುರ್ಗಾ, "ಏನೂ ಇಲ್ಲ ಸರ್. ಇದ್ದದ್ದನ್ನ ಇದ್ದ ಹಾಗೆ ಅಳತೆ ಮಾಡೀವಿ" ಅಂದ. ಅವರು ನಕ್ಕು ಮುಂದಿನ ಸ್ಲೈಡಿಗೆ ಹೋದರು. ಆ ಸ್ಲೈಡಿನಲ್ಲಿ ಕಟ್ಟೆಯ ಅಡ್ಡಸೀಳು ಚಿತ್ರ ಇತ್ತು. ಅಳತೆಗೆ ಅಂತ ಅದರ ಮೇಲೆ ಮಲಗಿದ ಒಬ್ಬ ಮನುಷ್ಯನನ್ನ ಬರೆದಿದ್ವಿ. ಸಾಮಾನ್ಯವಾಗಿ ನಾವೆಲ್ಲ ನಿಂತ ಮನುಷ್ಯನನ್ನೇ ಬರೀತೀವಲ್ಲ.

ಮಾಲೀಕರ ಮನೆಯಲ್ಲಿ ಪಾಲು ಆಗ್ತಿದೆ, ಜಾಗ ಲೇಔಟ್ ಆಗಬಹುದು ಅಂತ ಸುದ್ದಿ. ಹೋದ ತಿಂಗಳು ಗಂಗಾವತಿ ಊರಿಗೆ ಹೋದಾಗ ಫೋಟೋ ಕಳಿಸಿದ್ದ. ಎಲಿವೇಟರ್ ತಗಡು ಗುಜರಿಗೆ ಹೋಗಿದೆ. ಬಾಯ್ಲರು ಇದೆ. ಕಟ್ಟೆ ಮೇಲೆ ಮೆಣಸಿನಕಾಯಿ ಇದೆ. ಗಂಟುಗಳು ಮೂರಿದ್ದದ್ದು ಈಗ ಐದು.

ಜೂನಿಯರ್‌ಗಳಿಗೆ ಒಂದು ಮಾತು. ನಿಮ್ಮ ಊರಿನಲ್ಲೂ ಒಂದು ಜಿನ್ನು, ಒಂದು ಎಣ್ಣೆ ಮಿಲ್ಲು, ಹೆಂಚಿನ ಕಾರ್ಖಾನೆ, ರೇಷ್ಮೆ ಫಿಲೇಚರು ಬಾಗಿಲು ಹಾಕಿಕೊಂಡು ಕೂತಿರುತ್ತೆ. ಮುಂದಿನ ವರ್ಷ ವಿಷಯ ಸಿಗದಿದ್ರೆ ಅಲ್ಲಿಗೆ ಹೋಗಿ. ನಮ್ಮ ಡ್ರಾಯಿಂಗು, ಲೆಕ್ಕದ ಶೀಟು, ಕೈ ಕೊಟ್ಟ ಕ್ಯೂಬುಗಳ ರೀಡಿಂಗು ಎಲ್ಲಾ ಕನ್ನಡ ಸಂಘದ ಕಂಪ್ಯೂಟರಿನಲ್ಲಿ ಹಾಕಿದ್ದೀವಿ, ತಗೊಳ್ಳಿ. ಮೂವತ್ತು ಮೀಟರಿನ ಟೇಪೂ ಸಂಘದ ಕಪಾಟಿನಲ್ಲಿದೆ. ಮೊದಲ ದಿನ ಮಾತ್ರ ಅದನ್ನ ಬ್ಯಾಗಿನಲ್ಲೇ ಇಡಿ. ಸುಮ್ಮನೆ ಕಟ್ಟೆ ಮೇಲೆ ಕೂತು, ಯಾರು ಬರ್ತಾರೆ ನೋ‌ಡಿ.